ಸಾಕಪ್ಪನ ಲಿಮಿಟ್ ಸ್ವಿಚ್ಚು

ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ನಡೆದ, ಸರಿಯಾಗಿ ಹೇಳಬೇಕೆಂದರೆ ನಡೆಯದೇ ಹೋದ, ಒಂದು ಮಹತ್ವದ ಘಟನೆಯನ್ನು ಇಲ್ಲಿ ದಾಖಲಿಸಬೇಕಾಗಿದೆ. ಹಲ್ಲಿನ ಡಾಕ್ಟರರ ಓಣಿಯಲ್ಲಿ ನಿಂತಿದ್ದ ಬೂದು ಬಣ್ಣದ ಕಾರೊಂದು ನಾಲ್ಕು ಅಡಿ ಹಿಂದಕ್ಕೆ ಸರಿಯಲಿಲ್ಲ. ಇದಕ್ಕಿಂತ ಸಣ್ಣ ಕಾರಣಗಳಿಗೆ ಸಾಮ್ರಾಜ್ಯಗಳು ಉರುಳಿವೆಯೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಇಲ್ಲಿ ಉರುಳಲು ಸಾಮ್ರಾಜ್ಯವೇನೂ ಇರಲಿಲ್ಲ; ಸಾಕಪ್ಪನ ಭವಿಷ್ಯ ಮಾತ್ರ ಇತ್ತು.

ಸಾಕಪ್ಪ ಕ್ರೇನ್ ಆಪರೇಟರು. ಅವನ ನಿಜವಾದ ಹೆಸರು ಲೈಸೆನ್ಸಿನಲ್ಲಿತ್ತು, ಅದನ್ನು ಯಾರೂ ಓದಿರಲಿಲ್ಲ. ಈ ಅಡ್ಡಹೆಸರು ಬಂದದ್ದು ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಡಬ್ಬಿಯಿಂದ. ಕ್ರೇನಿನ ಉದ್ದನೆಯ ತೋಳಿಗೆ ಬೂಮ್ ಎನ್ನುತ್ತಾರೆ. ಅದರ ಬುಡದಲ್ಲಿ ಈ ಡಬ್ಬಿ, ಡಬ್ಬಿಗೆ ಒಂದು ಪುಟ್ಟ ಉರುಳೆ. ಇದೇ ಲಿಮಿಟ್ ಸ್ವಿಚ್ಚು. ಬೂಮ್ ಏರುತ್ತ ಏರುತ್ತ ತೀರ ನೆಟ್ಟಗಾದರೆ ಉರುಳೆಗೆ ತಾಗುತ್ತದೆ. ತಾಗಿದ ಕೂಡಲೆ ಗಂಟೆ ಬಾರಿಸುತ್ತದೆ. ಆಗಲೂ ಆಪರೇಟರು ಲಿವರಿನಿಂದ ಕೈ ತೆಗೆಯದಿದ್ದರೆ ಸ್ವಿಚ್ಚು ತಾನೇ ಕರೆಂಟು ಕಡಿದು ಬೂಮನ್ನು ನಿಲ್ಲಿಸುತ್ತದೆ. ನಿಲ್ಲಿಸದಿದ್ದರೆ ಬೂಮ್ ಹಿಂದಕ್ಕೆ ಮಗುಚಿ ಆಪರೇಟರಿನ ನೆತ್ತಿಯ ಮೇಲೆಯೇ ಬಂದು ಕೂರುತ್ತದೆ.

ಸ್ವಿಚ್ಚಿನ ಈ ಎರಡು ಕೆಲಸಗಳಲ್ಲಿ ಎರಡನೆಯದನ್ನು, ಎಂದರೆ ಕರೆಂಟು ಕಡಿಯುವುದನ್ನು, ಸಾಕಪ್ಪ ಕಣ್ಣಾರೆ ಕಂಡವನಲ್ಲ. ಹಿರಿಯರು ಒಮ್ಮೆ ಬೇಡ ಎಂದ ಮೇಲೆ ಮತ್ತೆ ಹೇಳಿಸಿಕೊಳ್ಳುವುದು ಅವನ ಜಾಯಮಾನವಲ್ಲ. ಗಂಟೆ ಟ್ರಿಣ್ ಎನ್ನುತ್ತಲೇ "ಸಾಕಪ್ಪಾ, ಸಾಕು" ಎಂದು ಕೈ ತೆಗೆದುಬಿಡುತ್ತಿದ್ದ. ಹನ್ನೊಂದು ವರ್ಷದಿಂದ ಹೀಗೇ. ದಿನಾ ಬೆಳಿಗ್ಗೆ ತನ್ನ ಕರ್ಚೀಫಿನಲ್ಲಿ ಡಬ್ಬಿಯನ್ನು ಒರೆಸಿ, ಉರುಳೆಯನ್ನು ಎರಡು ಸಲ ಬೆರಳಲ್ಲಿ ಒತ್ತಿ, ಗಂಟೆ ಕೇಳಿಸಿಕೊಂಡು, ಆಮೇಲೆಯೇ ಕೆಲಸ. ಆ ಕರ್ಚೀಫಿನಲ್ಲಿ ಅವನು ಸ್ವಂತ ಮುಖ ಒರೆಸಿಕೊಂಡದ್ದನ್ನು ಕಂಡವರಿಲ್ಲ.

ಇಂಥವನಿಗೆ ಈಗ ಒಂದೇ ಒಂದು ಆಸೆ ಹುಟ್ಟಿತ್ತು. ಮಾಲೀಕರು ಹೊಸ ಕ್ರೇನು ತಂದಿದ್ದರು. ಅದರಲ್ಲಿ ಇಂಥ ಸಾಧನಗಳು ಒಂದಲ್ಲ, ಏಳು! ಬೂಮ್ ಅತಿಯಾಗಿ ಏರದಂತೆ ಒಂದು, ಅತಿಯಾಗಿ ಇಳಿಯದಂತೆ ಒಂದು, ಬೇಡದ ಕಡೆ ತಿರುಗದಂತೆ ಒಂದು, ಭಾರ ಮೀರಿದರೆ ಒಂದು, ಗಾಳಿ ಬೀಸಿದರೆ ಒಂದು... ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಅದನ್ನು ಸಾಕಪ್ಪ ದಿನಾ ಸಂಜೆ ಸುಮ್ಮನೆ ಒಂದು ಸುತ್ತು ಹಾಕಿ ಬರುತ್ತಿದ್ದ, ನಿಶ್ಚಿತಾರ್ಥವಾದ ಹುಡುಗ ಹುಡುಗಿಯ ಮನೆ ಮುಂದೆ ಸೈಕಲ್ಲಿನಲ್ಲಿ ಸುತ್ತುವಂತೆ.

ಆದರೆ ಅದರ ಮೇಲೆ ಇನ್ನೊಬ್ಬನ ಕಣ್ಣೂ ಇತ್ತು. ಅವನು ಅದೇ ಕಂಪನಿಯ ಇನ್ನೊಬ್ಬ ಆಪರೇಟರು, ಸಾಕಪ್ಪನ ಹೆಂಡತಿಯ ಸ್ವಂತ ತಮ್ಮ, ಊರ ಬಾಯಲ್ಲಿ ಸುಂಟರಗಾಳಿ. ತನ್ನ ಕ್ರೇನಿನ ಸ್ವಿಚ್ಚುಗಳಿಗೆಲ್ಲ ತಂತಿ ಸುತ್ತಿ ಬಾಯಿ ಕಟ್ಟಿದ್ದ. ಅವು ಅಪಘಾತದ ವಾರ್ಡಿನಿಂದ ಆಗತಾನೆ ಬಂದ ರೋಗಿಗಳಂತೆ ಕಾಣುತ್ತಿದ್ದವು. ಇಬ್ಬರಲ್ಲಿ ಹೊಸ ಕ್ರೇನು ಯಾರಿಗೆಂಬುದು ಈ ದಿನ ಮಧ್ಯಾಹ್ನ ತೀರ್ಮಾನವಾಗುವುದಿತ್ತು. ಹನ್ನೆರಡಕ್ಕೆ ಸರ್ಕಾರದ ಸೇಫ್ಟಿ ಇನ್‌ಸ್ಪೆಕ್ಟರು ಬರುತ್ತಿದ್ದರು. ಅವರ ಮಾತು ಕೇಳಿ ಮಾಲೀಕರು ಹೇಳುವವರಿದ್ದರು.

ಅದಕ್ಕೆ ಮೊದಲು ಒಂದು ಸಣ್ಣ ಕೆಲಸ. ಹಲ್ಲಿನ ಡಾಕ್ಟರರ ಹೊಸ ಕುರ್ಚಿಯನ್ನು ಎರಡನೆಯ ಮಹಡಿಯ ಬಿಸಿಲುಮಚ್ಚಿಗೆ ಏರಿಸಬೇಕು. ಅದು ಮೆಟ್ಟಿಲಲ್ಲಿ ಹಿಡಿಯುವುದಿಲ್ಲ. ಮಾಲೀಕರಿಗೆ ಮೂರು ದಿನದಿಂದ ಹಲ್ಲುನೋವು. ಕೆನ್ನೆ ಊದಿ, ಮುಖದ ಎಡಭಾಗ ಬೇರೆ ಯಾರದೋ ಮುಖದಂತಾಗಿತ್ತು. ಕುರ್ಚಿ ಏರಿದ ಮೇಲೆಯೇ ಹಲ್ಲು ಕೀಳುವುದೆಂದು ಡಾಕ್ಟರು ಹೇಳಿದ್ದರಿಂದ ಮಾಲೀಕರೇ ಕ್ರೇನು ಕಳಿಸಿದ್ದರು. ಕೆಳಗೆ ನಿಂತು ಸನ್ನೆ ಮಾಡಲು ಸುಂಟರಗಾಳಿಯೂ ಜೊತೆಗೆ ಬಂದಿದ್ದ.

ಕುರ್ಚಿ ಸರಾಗವಾಗಿ ಮೇಲೇರಿ, ಬಿಸಿಲುಮಚ್ಚಿನ ಆಚೆ ತುದಿಗೆ, ಮನೆ ಮಾಲಕಿಯ ನಲವತ್ತು ಹೂಕುಂಡಗಳ ನೆತ್ತಿಯ ಮೇಲೆ ಹೋಗಿ ನಿಂತಿತು. ಅಲ್ಲಿಂದ ಕ್ರೇನಿನ ಕಡೆಗೆ ಇನ್ನು ನಾಲ್ಕು ಅಡಿ ಬಂದರೆ ಕ್ಲಿನಿಕ್ಕಿನ ಬಾಗಿಲು. ಹತ್ತಿರ ಬರಬೇಕಾದರೆ ಬೂಮ್ ಇನ್ನಷ್ಟು ನೆಟ್ಟಗಾಗಬೇಕು. ಸಾಕಪ್ಪ ಲಿವರ್ ಎಳೆದ.

ಟ್ರಿಣ್!

"ಸಾಕಪ್ಪಾ, ಸಾಕು." ಕೈ ತೆಗೆದ. ಕುರ್ಚಿ ಆಕಾಶದಲ್ಲಿ ತೂಗಾಡುತ್ತ ನಿಂತಿತು.

"ಏನ್ರೀ ಅದು, ನನ್ನ ಗಿಡಗಳ ಮೇಲೆ ಯಾಕೆ ನಿಲ್ಲಿಸಿದ್ರಿ?" ಮನೆ ಮಾಲಕಿ ಮೇಲಿನಿಂದ ಕೂಗಿದರು. "ಬಿದ್ರೆ ನೋಡಿ, ಒಂದೊಂದು ಗಿಡಕ್ಕೂ ನೀವೇ ಉತ್ತರ ಹೇಳ್ಬೇಕು!"

"ಬೀಳಲ್ಲ ಅಮ್ಮ. ಗಂಟೆ ಆಯ್ತು. ಇನ್ನು ಏರಿಸೋ ಹಾಗಿಲ್ಲ."

"ಗಂಟೆ ಎಷ್ಟಾಯ್ತು ಅಂತ ನಾನೂ ನೋಡ್ಕೊಂಡೇ ಇದೀನಿ," ಎಂದರು ಡಾಕ್ಟರು. "ಹನ್ನೆರಡಕ್ಕೆ ನಿಮ್ಮ ಓನರ್ ಬರ್ತಾರೆ. ಅವರನ್ನ ಎಲ್ಲಿ ಕೂರಿಸ್ಲಿ, ಹೂಕುಂಡದ ಮೇಲಾ?"

ಸಾಕಪ್ಪ ಕೆಳಗಿಳಿದು ಸಮಸ್ಯೆಯನ್ನು ಸುತ್ತು ಹಾಕಿ ನೋಡಿದ. ಕ್ರೇನು ನಾಲ್ಕು ಅಡಿ ಹಿಂದೆ ಹೋಗಿ ನಿಂತರೆ ಸಾಕು, ಬೂಮ್ ಏರಿಸದೆಯೇ ಕುರ್ಚಿ ಸರಿಯಾದ ಜಾಗಕ್ಕೆ ಬರುತ್ತದೆ. ಆದರೆ ಹಿಂದೆ ಆ ಬೂದು ಕಾರು. ಕಾರಿನೊಳಗೆ, ನಾಲ್ಕೂ ಗಾಜು ಏರಿಸಿಕೊಂಡು, ನಿವೃತ್ತ ಹೆಡ್‌ಮಾಸ್ತರರು ಪೇಪರ್ ಓದುತ್ತಿದ್ದರು. ಕಾರು ಸ್ಟಾರ್ಟ್ ಆಗಿ ಆರು ವರ್ಷವಾಗಿತ್ತು. ಮನೆಯಲ್ಲಿ ಟಿವಿಯ ಗಲಾಟೆ ತಡೆಯಲಾರದೆ ಅವರು ಅದನ್ನು ವಾಚನಾಲಯ ಮಾಡಿಕೊಂಡಿದ್ದರು.

"ಭಾವ," ಸುಂಟರಗಾಳಿ ಜೇಬಿನಿಂದ ಒಂದು ತುಂಡು ತಂತಿ ತೆಗೆದ. "ಆ ಮೇಷ್ಟ್ರು ಏಳೋದು ಜಾಹೀರಾತೆಲ್ಲ ಮುಗಿಸಿದ ಮೇಲೆ. ಎರಡು ಸುತ್ತು ತಂತಿ ಹಾಕಿ ನಿಮ್ಮ ಸ್ವಿಚ್ಚಿನ ಬಾಯಿ ಕಟ್ತೀನಿ. ಎರಡೇ ನಿಮಿಷದ ಕೆಲಸ."

"ಅದರ ಬಾಯಿ ಕಟ್ಟಿದ್ರೆ ನಿನ್ನ ಅಕ್ಕನ ಬಾಯಿಗೆ ಯಾರು ಉತ್ತರ ಹೇಳ್ತಾರೆ?"

ಸುಂಟರಗಾಳಿ ಅಕ್ಕನಿಗೇ ಫೋನ್ ಮಾಡಿ, ವಿಷಯ ಹೇಳಿ, ಸ್ಪೀಕರ್ ಹಾಕಿ ಭಾವನ ಮುಖದ ಮುಂದೆ ಹಿಡಿದ.

"ರೀ, ಏನ್ರೀ ಅದು?" ಎಂದಿತು ಫೋನು. "ಒಂದು ಬೆಂಕಿಪೊಟ್ಟಣದ ಮಾತು ಕೇಳ್ತೀರಂತೆ! ಹನ್ನೊಂದು ವರ್ಷದಿಂದ ನಾನು ಸಾಕು ಸಾಕು ಅಂತಿದೀನಿ, ನನ್ನ ಮಾತಿಗೆ ಒಂದು ದಿನ ಕೈ ತೆಗೆದಿದೀರಾ?"

ಓಣಿಯೆಲ್ಲ ನಕ್ಕಿತು. ಸಾಕಪ್ಪ ಕ್ರೇನಿನ ಮೇಲೆ ಹತ್ತಿ, ಕುರ್ಚಿಯನ್ನು ನಿಧಾನವಾಗಿ ನೆಲಕ್ಕೆ ಇಳಿಸಿಬಿಟ್ಟ. ಮೂರು ಮಹಡಿಗಳ ಕಿಟಕಿಗಳಿಂದ "ಅಯ್ಯೋ" ಎಂಬ ಒಂದೇ ನಿಟ್ಟುಸಿರು ಬಂತು. ಅವನು ಹೋಗಿ ಕಾರಿನ ಗಾಜು ತಟ್ಟಿದ.

ಗಾಜು ಎರಡು ಬೆರಳಷ್ಟು ಇಳಿಯಿತು. "ಏನು?"

"ಮೇಷ್ಟ್ರೇ, ಕಾರು ನಾಲ್ಕು ಅಡಿ ಹಿಂದೆ ತಳ್ಳಬಹುದಾ? ನನ್ನ ಸ್ವಿಚ್ಚು ಒಪ್ತಾ ಇಲ್ಲ."

"ಆರು ವರ್ಷದಲ್ಲಿ ಈ ಕಾರನ್ನ ಸರಿಸಿ ಅಂತ ಎಷ್ಟೋ ಜನ ಬಂದಿದಾರೆ. ಒಬ್ಬೊಬ್ಬರದು ಒಂದೊಂದು ಕಾರಣ. ಸ್ವಿಚ್ಚು ಒಪ್ತಿಲ್ಲ ಅಂದೋನು ನೀನೇ ಮೊದಲು. ಯಾವ ಸ್ವಿಚ್ಚು?"

ಸಾಕಪ್ಪ ಹೇಳತೊಡಗಿದ. ಮಾತು ಕಡಿಮೆಯ ಮನುಷ್ಯ, ಆದರೆ ವಿಷಯ ಅದಾಗಿತ್ತು. ಡಬ್ಬಿ ಎಷ್ಟು ಸಣ್ಣದು, ಬೂಮ್ ಎಷ್ಟು ದೊಡ್ಡದು, ಆದರೂ ಹೇಗೆ ಅದರ ಒಂದು ಮಾತಿಗೆ ಇದು ನಿಲ್ಲುತ್ತದೆ. ಬಿಸಿಲು ಮಳೆಯಲ್ಲಿ ನಿಂತು ದಿನವೆಲ್ಲ ಸುಮ್ಮನಿದ್ದು, ಅಪಾಯ ಒಂದು ಗೇಣು ದೂರ ಇರುವಾಗ ಮಾತ್ರ ಹೇಗೆ ಬಾಯಿ ಬಿಡುತ್ತದೆ. ಓನರಿಗೂ ಹೆದರದೆ, ಅರ್ಜೆಂಟನ್ನೂ ಕೇಳದೆ, ಎಲ್ಲರಿಗೂ ಒಂದೇ ಕೋನದಲ್ಲಿ ಹೇಗೆ ಇಲ್ಲ ಎನ್ನುತ್ತದೆ. "ನಾನು ಮನೆಗೆ ಹೋಗಿ ಊಟ ಮಾಡ್ತಾ ಇರೋದು ಅದರಿಂದ, ಮೇಷ್ಟ್ರೇ," ಎಂದು ಮುಗಿಸಿದ.

ಗಾಜು ಪೂರ್ತಿ ಇಳಿದಿತ್ತು. ಹೆಡ್‌ಮಾಸ್ತರರು ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಮೂವತ್ತನಾಲ್ಕು ವರ್ಷ ಪಾಠ ಮಾಡ್ದೆ. ಬೇಕಾದಾಗ ಮಾತ್ರ ಮಾತಾಡೋ ವಿದ್ಯಾರ್ಥಿ ಒಬ್ಬನೂ ಸಿಗಲಿಲ್ಲ ನನಗೆ. ತಳ್ಳಿ. ಆದ್ರೆ ನಾನು ಇಳಿಯೋದಿಲ್ಲ."

ಸಾಕಪ್ಪ ಹಿಂತಿರುಗಿ ಬಂದು ಅಭ್ಯಾಸದಂತೆ ಕರ್ಚೀಫಿನಲ್ಲಿ ಡಬ್ಬಿ ಒರೆಸಲು ಹೋದರೆ, ಉರುಳೆಗೆ ಎರಡು ಸುತ್ತು ತಂತಿ. ಅವನು ತಂತಿ ಬಿಚ್ಚಿ, ನೀಟಾಗಿ ಸುರುಳಿ ಸುತ್ತಿ, ಭಾವಮೈದನ ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿದ.

ಆಮೇಲೆ ಡಾಕ್ಟರು, ಮನೆ ಮಾಲಕಿ, ಸುಂಟರಗಾಳಿ, ಸಾಕಪ್ಪ ಸೇರಿ ಕಾರನ್ನು ತಳ್ಳಿದರು. ಹೆಡ್‌ಮಾಸ್ತರರು ಒಳಗೆ ಮತ್ತೆ ಪೇಪರ್ ಬಿಡಿಸಿದ್ದರು. ಆರು ವರ್ಷದ ತುಕ್ಕು ಕಿರ್ರೆಂದು ಬಿಟ್ಟಿತು. ಕಾರು ನಾಲ್ಕು ಅಡಿ ಹೋಯಿತು. ಅದಕ್ಕೆ ಲಿಮಿಟ್ ಸ್ವಿಚ್ಚು ಇರಲಿಲ್ಲವಾದ್ದರಿಂದ ಇನ್ನೂ ಎಂಟು ಅಡಿ ಹೋಗಿ, ಸುಂಟರಗಾಳಿಯ ಮೋಟರ್‌ಬೈಕನ್ನು ಗೋಡೆಗೆ ಒರಗಿಸಿಕೊಂಡು ನಿಂತಿತು.

"ಏನಾಯ್ತು?" ಎಂದರು ಹೆಡ್‌ಮಾಸ್ತರರು, ಪುಟ ತಿರುವುತ್ತ.

"ನನ್ನ ಬೈಕು..." ಎಂದ ಸುಂಟರಗಾಳಿ.

"ಅದಕ್ಕೂ ಸ್ವಲ್ಪ ತಂತಿ ಸುತ್ತು," ಎಂದ ಸಾಕಪ್ಪ. ಆ ದಿನ ಅವನು ಆಡಿದ ಒಂದೇ ಕೆಟ್ಟ ಮಾತು ಅದು.

ಕ್ರೇನು ಹಿಂದೆ ಸರಿಯಿತು. ಕುರ್ಚಿ ಮತ್ತೆ ಏರಿತು, ಕುಂಡಗಳ ಒಂದು ಎಲೆಗೂ ಸೋಕದೆ ಕ್ಲಿನಿಕ್ಕಿನ ಬಾಗಿಲಲ್ಲಿ ಬೆಕ್ಕಿನಂತೆ ಇಳಿದು ಕೂತಿತು. ಗಂಟೆ ತುಟಿ ಪಿಟಕ್ಕೆನ್ನಲಿಲ್ಲ. ಕಿಟಕಿಗಳಲ್ಲೆಲ್ಲ ಚಪ್ಪಾಳೆ. ಮನೆ ಮಾಲಕಿ ಸಾಕಪ್ಪನಿಗೆ ಟೀ ಕೊಟ್ಟರು. ಕೊಡುವಾಗ ಆ ಡಬ್ಬಿಯ ಕಡೆಗೂ ಒಮ್ಮೆ ಮರ್ಯಾದೆಯಿಂದ ನೋಡಿದರು.

ಅಷ್ಟರಲ್ಲಿ ಮಾಲೀಕರು, ಕೆನ್ನೆಗೆ ಟವೆಲು ಕಟ್ಟಿಕೊಂಡು, ಇನ್‌ಸ್ಪೆಕ್ಟರರೊಂದಿಗೆ ಬಂದಿಳಿದರು. ನಡೆದ ಕತೆಯನ್ನು ಓಣಿಯವರೆಲ್ಲ ಒಟ್ಟಿಗೆ ಹೇಳಿದರು. ಇನ್‌ಸ್ಪೆಕ್ಟರಮ್ಮ ಹೊಸಬರು, ಹಿಂದಿನವರಂತೆ ಟೀ ಕುಡಿದು ಸಹಿ ಹಾಕುವ ಜಾತಿಯಲ್ಲ. ಕತೆ ಕೇಳಿ ಅವರ ಕಣ್ಣು ಅರಳಿತು.

"ನೋಡಿ, ಇಂಥ ಆಪರೇಟರ್ ಇರಬೇಕು," ಎಂದು ಮಾಲೀಕರ ಕಡೆ ತಿರುಗಿದರು. ಮಾಲೀಕರು "ಹ್ಞೂಂ" ಎಂದರು. ಅವರ ಬಾಯಿಂದ ಬರುತ್ತಿದ್ದುದು ಅದೊಂದೇ. ಸಾಕಪ್ಪನ ಕಣ್ಣ ಮುಂದೆ ಟಾರ್ಪಾಲು ತಾನಾಗಿ ಜಾರಿತು.

"ಆ ಸ್ವಿಚ್ಚನ್ನೂ ಒಂದ್ಸಲ ನೋಡೇಬಿಡೋಣ. ಕೊಕ್ಕೆ ಖಾಲಿ ಮಾಡಿ, ಬೂಮ್ ನಿಧಾನಕ್ಕೆ ಏರಿಸಿ. ಗಂಟೆ ಬಾರಿಸಿದ್ರೂ ಕೈ ತೆಗೀಬೇಡಿ. ಅದೇ ನಿಲ್ಲಿಸ್ಲಿ."

ಟ್ರಿಣ್! ಸಾಕಪ್ಪನ ಕೈ ತಾನೇ ಹಿಂದೆ ಬಂತು.

"ಕೈ ತೆಗೀಬೇಡಿ ಅಂದೆ."

"ಕ್ಷಮಿಸಿ ಮೇಡಂ. ಅದು ಕೇಳಲ್ಲ."

ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅವನು ಕಣ್ಣು ಮುಚ್ಚಿ, ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡ. ಗಂಟೆ ಬಾರಿಸಿತು. ಬೂಮ್ ಏರಿತು. ಗಂಟೆ ಬಾರಿಸುತ್ತಲೇ ಇತ್ತು, ಬೂಮ್ ಏರುತ್ತಲೇ ಇತ್ತು.

"ನಿಲ್ಸಿ! ನಿಲ್ಸಿ!"

ಸಾಕಪ್ಪ ನಿಲ್ಲಿಸಿದ. ಇನ್‌ಸ್ಪೆಕ್ಟರಮ್ಮ ಡಬ್ಬಿಯ ಮುಚ್ಚಳ ತೆಗೆದರು. ಗಂಟೆಯ ತಂತಿ ನೆಟ್ಟಗಿತ್ತು. ಕರೆಂಟು ಕಡಿಯುವ ತಂತಿಯನ್ನು ಯಾರೋ ಇಕ್ಕಳದಿಂದ ಸೊಗಸಾಗಿ ಕತ್ತರಿಸಿದ್ದರು. ಕತ್ತರಿಸಿದ ತುದಿಗೆ ಕಿಲುಬು ಹಿಡಿದು, ಅಲ್ಲಿ ಒಂದು ಜೇಡ ಸಂಸಾರ ಹೂಡಿತ್ತು.

"ಇದು ಹನ್ನೆರಡು ಹದಿಮೂರು ವರ್ಷದ ಹಳೇ ಕೆಲಸ. ನಿಮಗಿಂತ ಮುಂಚೆ ಈ ಕ್ರೇನ್ ಓಡಿಸ್ತಿದ್ದೋರು ಯಾರು?"

ಸಾಕಪ್ಪ ಮಾಲೀಕರನ್ನು ನೋಡಿದ. ಸುಂಟರಗಾಳಿಯೂ ನೋಡಿದ. ಕಂಪನಿ ಶುರು ಮಾಡಿದ ಹೊಸತರಲ್ಲಿ ಮಾಲೀಕರೇ ಆಪರೇಟರು. ಅವರು ಕೆನ್ನೆಯ ಟವೆಲನ್ನು ಕಣ್ಣಿನವರೆಗೆ ಏರಿಸಿಕೊಂಡು "ಹ್ಞೂಂ" ಎಂದರು.

"ಅಂದ್ರೆ ಹನ್ನೊಂದು ವರ್ಷ ಈ ಬೂಮ್ ನಿಲ್ಲಿಸಿದ್ದು..." ಇನ್‌ಸ್ಪೆಕ್ಟರಮ್ಮ ಸಾಕಪ್ಪನ ಬಲಗೈಯನ್ನು ನೋಡಿದರು. ಓಣಿಯೂ ನೋಡಿತು. ಸಾಕಪ್ಪನೂ ನೋಡಿಕೊಂಡ, ಯಾರದೋ ಕೈ ತನ್ನ ಅಂಗಿಯ ತೋಳಿನಲ್ಲಿ ಸಿಕ್ಕಿಬಿದ್ದಂತೆ.

ಹೆಡ್‌ಮಾಸ್ತರರು ಆರು ವರ್ಷಗಳಲ್ಲಿ ಮೊದಲ ಬಾರಿ ಓದುವುದನ್ನು ಅರ್ಧಕ್ಕೆ ಬಿಟ್ಟು ಕಾರಿನಿಂದ ಇಳಿದು ಬಂದರು. "ನನಗೆ ಸಿಗದ ಆ ವಿದ್ಯಾರ್ಥಿ ನೀನೇ ಕಣಯ್ಯಾ," ಎಂದು ಅವನ ಬೆನ್ನು ತಟ್ಟಿದರು. ಮತ್ತೆ ಚಪ್ಪಾಳೆಯಾಯಿತು. ಸುಂಟರಗಾಳಿಯೂ ತಟ್ಟಿದ. ಅಕ್ಕನಿಗೆ ಫೋನ್ ಮಾಡಿ, "ಅಕ್ಕಾ, ಭಾವ ಸಾಮಾನ್ಯ ಅಲ್ಲ ಕಣೆ" ಎಂದ. ಇನ್‌ಸ್ಪೆಕ್ಟರಮ್ಮ ವರದಿಯಲ್ಲಿ ಬರೆದರು: ಸಾಧನ ಕೆಟ್ಟಿದೆ, ಆಪರೇಟರು ಅತ್ಯುತ್ತಮ.

ಮಾಲೀಕರು ಹೊಸ ಕುರ್ಚಿಯಲ್ಲಿ ಹಲ್ಲು ಕೀಳಿಸಿಕೊಂಡು ಕೆಳಗೆ ಬಂದರು. ಬಾಯಿ ಮರಗಟ್ಟಿತ್ತು. ಡಾಕ್ಟರರ ಚೀಟಿಯ ಹಿಂದೆ ತೀರ್ಮಾನ ಬರೆದು ಸಾಕಪ್ಪನ ಕೈಗೆ ಕೊಟ್ಟು, ಆ ಕೈಯನ್ನು ಎರಡೂ ಕೈಯಿಂದ ಕುಲುಕಿ, ಕಣ್ಣಲ್ಲಿ ನೀರು ತಂದುಕೊಂಡರು. ನೋವಿನ ನೀರೋ ಅಭಿಮಾನದ ನೀರೋ ತಿಳಿಯಲಿಲ್ಲ. ಚೀಟಿಯಲ್ಲಿ ಹೀಗಿತ್ತು:

"ನಿನ್ನಂಥವನು ನನ್ನ ಕಂಪನಿಯಲ್ಲಿರೋದು ನನ್ನ ಪುಣ್ಯ. ಹೊಸ ಕ್ರೇನ್ ನಿನ್ನ ಭಾವಮೈದನಿಗೆ. ಅದರಲ್ಲಿ ಏಳು ಸಾಧನ ಇವೆ, ಅವನಿಗೆ ಏಳೂ ಬೇಕು. ನಿನಗೆ ಒಂದೂ ಬೇಡ."

ಇನ್‌ಸ್ಪೆಕ್ಟರಮ್ಮ ಚೀಟಿ ಓದಿ, ಸ್ವಲ್ಪ ಯೋಚಿಸಿ, ಸುರಕ್ಷತೆಯ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕಲು ಬರುವುದಿಲ್ಲ ಎಂದರು. ಹೊಸ ಕ್ರೇನಿನ ಏಳೂ ಡಬ್ಬಿಗಳಿಗೆ ಯಾರೂ ತಂತಿ ಸುತ್ತದಂತೆ ತಾವೇ ಸೀಲು ಹಾಕುವುದಾಗಿಯೂ, ಹಳೆಯ ಕ್ರೇನಿನ ಕತ್ತರಿಸಿದ ತಂತಿಯನ್ನು ನಾಳೆಯೇ ಜೋಡಿಸಿ ಪರೀಕ್ಷಿಸಬೇಕೆಂದೂ ಹೇಳಿ ಹೋದರು.

ಮರುದಿನ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ಹೊಸ ತಂತಿ ಜೋಡಿಸಿದ. ಸಾಕಪ್ಪ ಡಬ್ಬಿಯನ್ನು ಕರ್ಚೀಫಿನಲ್ಲಿ ಒರೆಸಿ, ಮೇಲೆ ಹತ್ತಿ ಕೂತು, ಪರೀಕ್ಷೆಗೆಂದು ಬೂಮ್ ಏರಿಸಿದ. ಗಂಟೆ ಬಾರಿಸಿತು. ಕೈ ತೆಗೆದ. ಒಂಬತ್ತು ಸಲ ಪ್ರಯತ್ನಿಸಿದರು. ಹೊಸ ತಂತಿ ಕೆಲಸ ಮಾಡುತ್ತದೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.