ಮಾವನ ತಾಟಿನ ಸೊಪ್ಪು

ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಮಾವನ ಎದುರು ಇರುವೆಯೂ ಸುಮ್ಮನೆ ಹಾಯ್ದುಹೋಗುವಂತಿಲ್ಲ! ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಏಳು ಗೇಟುಗಳಲ್ಲಿ ತಪಾಸಣೆ ಮುಗಿಸಿಯೇ ಅದು ಸಕ್ಕರೆ ಡಬ್ಬಿ ಮುಟ್ಟಬೇಕು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ನಿವೃತ್ತರಾದದ್ದು ಅವರು, ಅವರ ವರ್ಗೀಕರಣವಲ್ಲ.

ಒಮ್ಮೆ ಕುಂದಗೋಳದ ಬಸ್ಸಿನಲ್ಲಿ ಮಾವನ ಬಾಜು ಕೂತ ಹಿರಿಯರೊಬ್ಬರು, "ತಾವು ಯಾವ ಪೈಕಿರಿ?" ಎಂದು ಕೇಳಿದರು.

"ಸಸ್ತನಿ ಪೈಕಿರಿ. ಬೆನ್ನೆಲಬು ಐತಿ. ತಾವೂ ನಮ್ಮವರ!"

ಆ ಹಿರಿಯರು ಯರಗುಪ್ಪಿ ಬರುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಇವರಿಗೆ ಜೋಡಿ ಅಕ್ಕನೊಬ್ಬಳೇ. ಬದನೆ, ಬಟಾಟೆ, ಟೊಮೆಟೊ, ಮೆಣಸಿನಕಾಯಿ ಎಲ್ಲ ಒಂದೇ ಕುಟುಂಬ ಎಂದು ಮಾವ ಪಾಠ ಶುರು ಮಾಡಿದರೆ, "ಹಂಗಂದ್ರ ಒಂದ ಬೋಗಾಣ್ಯಾಗ ಬೇಯಲಿ ಬಿಡ್ರಿ. ಬ್ಯಾರೆ ಒಲಿ ಹೂಡಾಕ ಅವೇನು ಪಾಲ ತುಗೊಂಡಾವೇನು?" ಎನ್ನುತ್ತಿದ್ದಳು.

ಅಕ್ಕ ಹೋಗಿ ಎರಡು ವರ್ಷ. ಒಂಟಿಗನಾದ ನಾನು ಮಾವನ ಜೊತೆಗೇ ಬಂದು ನಿಂತೆ. ಐದಕ್ಕೆ ಏಳುವುದು, ಏಳೂವರೆಗೆ ಮಾವನ ತಾಟಿಗೆ ರೊಟ್ಟಿ, ಒಂದು ನಿಮಿಷ ಆಚೀಚೆ ಇಲ್ಲ! ಆದರೆ ಮಾವನಿಗೆ ಬೇಕಾದದ್ದು ಬೇರೆ. ಕಳೆ ತೆಗೆಯಲು ಹೋದ ಅಕ್ಕ ಎರೆ ಹೊಲದಿಂದ ಉಡಿಯಲ್ಲಿ ಸೊಪ್ಪು ತರುತ್ತಿದ್ದಳು. ಹಸಿಯಾಗಿಯೇ ಹೆಚ್ಚಿ, ಉಳ್ಳಾಗಡ್ಡಿ, ಗುರೆಳ್ಳು ಪುಡಿ, ಮೊಸರು ಕಲಸಿ ರೊಟ್ಟಿಯ ಬಾಜು ಇಡುತ್ತಿದ್ದಳು. ಯಾವ ಸೊಪ್ಪು ಅದು? ನನಗೂ ತಿಳಿಯದು, ಬಂದಾಗೆಲ್ಲ ತಿಂದು ಬಸ್ಸು ಹಿಡಿದವನು ನಾನು. ಜಗತ್ತಿನ ಕುಲಗೋತ್ರವನ್ನೆಲ್ಲ ವಿಚಾರಿಸಿದ ಮಾವನಾದರೂ ಕೇಳಬೇಡವೇ?

"ಒಮ್ಮಿನೂ ಕೇಳಲಿಲ್ಲೇನ್ರಿ ಮಾವಾರ?"

"ದಿನಾ ತಾಟಿಗೆ ಬರತಿತ್ತಲ್ಲಪಾ. ಕೇಳೂದೇನಂತ ಸುಮ್ನ ಉಂಡೆ."

ಈ ಹಿಂಗಾರಿನಲ್ಲಿ ಹುಡುಕಾಟ ಶುರುವಾಯಿತು. ಒಂದು ದಿನ ಹಕ್ಕರಕಿ, ಮರುದಿನ ಗೋಳಿ ಸೊಪ್ಪು. ಮಾವ ಬದುವಿನಿಂದ ಒಂದೊಂದೇ ಸೊಪ್ಪು ಕಿತ್ತು ತಂದು, ಅದರ ಏಳು ಮೆಟ್ಟಿಲಿನ ಚೀಟಿ ಬರೆದು, ಗೋಡೆಗೆ ಅಂಟಿಸುವರು. ನಾನು ಹೆಚ್ಚಿ ಕಲಸುವೆ. ಒಂದು ತುತ್ತು ತಿಂದು, "ಇದಲ್ಲ" ಎನ್ನುವರು. ಉಳಿದದ್ದೆಲ್ಲ ಯಾರ ಹೊಟ್ಟೆಗೆ? ಬೇರೆ ಹೇಳಬೇಕೆ!

ಮೊನ್ನೆ, ಅಕ್ಕನ ಜೊತೆ ಕಳೆ ತೆಗೆಯುತ್ತಿದ್ದ ಕಲ್ಲವ್ವ ಬಂದಳು. ಗೋಡೆ ತುಂಬ ಚೀಟಿ ಏಕೆಂದು ಕೇಳಿ ತಿಳಿದು ನಕ್ಕುಬಿಟ್ಟಳು.

"ಅಯ್ಯ ಮಾಸ್ತರ್ರ! ಅಕಿ ಒಂದ ಪಲ್ಲೆ ಯಾವಾಗ ತಂದಿದ್ಲು? ಎಲ್ಲಾ ಪಲ್ಲೆದೂ ನಾಕ ನಾಕ ಎಲಿ ಕಿತ್ತು ಒಂದ ಉಡಿಯಾಗ ಹಾಕ್ಕೊಂತಿದ್ಲರಿ!"

ಮಾವ ಪೆನ್ನು ತೆಗೆದರು. "ಯಾವುದು ಎಷ್ಟೆಷ್ಟು?"

"ಅದು ಅಕಿ ಕೈಗೆ ಗೊತ್ತಿತ್ರಿ."

ಪೆನ್ನು ಹಾಗೇ ನಿಂತಿತು.

ಮರುದಿನ ಇಬ್ಬರೂ ಹೊಲಕ್ಕೆ ಹೋದೆವು. ಮಾವ ಯಾವ ಸೊಪ್ಪಿನ ಹೆಸರನ್ನೂ ಹೇಳಲಿಲ್ಲ. ಎಲ್ಲವನ್ನೂ ಧೋತರದ ಒಂದೇ ಮಡಿಲಲ್ಲಿ ತುಂಬಿಕೊಂಡರು. ರೊಟ್ಟಿಗೆ ಕೂತಾಗ ಒಂಬತ್ತು ದಾಟಿತ್ತು. ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ಅಗಿದರು.

"ಹತ್ರ ಬಂದ್ಲಪಾ," ಎಂದರು. "ಇನ್ನೊಂದ ರೊಟ್ಟಿ ಹಾಕು."

ಹಾಕಿದೆ. ನನಗೂ ಒಂದು ತಾಟು ಹಚ್ಚಿಕೊಂಡು ಅವರ ಬಾಜು ಕೂತೆ.