ಎಡಗಡೆ ಸ್ಟೀರಿಂಗಿನ ಕಾರನ್ನು ದೇಶದೊಳಕ್ಕೆ ಬಿಟ್ಟ ಮಹನೀಯರಿಗೆ

ಶಿರಾಳಕೊಪ್ಪ,
ಜನವರಿ 1997

ಪರದೇಶದ ಹಳೆಯ ಕಾರುಗಳನ್ನು ಬಂದರಿನಲ್ಲಿ ತಪಾಸಣೆ ಮಾಡಿ ಒಳಬಿಡುವ ಸುಂಕದ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಕಡಲ ಗಾಳಿಯಲ್ಲಿ ಕುಳಿತು ಹಡಗುಗಳ ಹೊಟ್ಟೆ ನೋಡುವ ತಮಗೆ, ಕಡಲನ್ನೇ ಕಾಣದ ಶಿರಾಳಕೊಪ್ಪದ ಪಾತ್ರೆ ಅಂಗಡಿ ಶಾಂತವೀರಪ್ಪನ ಶಿರಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಕುಟುಂಬವೂ ತಮ್ಮ ರಬ್ಬರ್ ಮೊಹರೂ ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿದ್ದೆ. ತಾವು ಆ ಬಿಳಿ ಕಾರನ್ನು ಬಿಡುಗಡೆ ಮಾಡುವ ತನಕ.

ತಮಗೆ ದಿನವೂ ಎಷ್ಟೋ ಕಾರುಗಳು ಬರುವುದರಿಂದ ನೆನಪು ಮಾಡಿಕೊಡುತ್ತೇನೆ. ನನ್ನ ಹೆಂಡತಿ ಗಂಗಾಶ್ರೀಯ ತಮ್ಮ ರೇಣುಕಾಪ್ರಸಾದ್ ಮಸ್ಕತ್ತಿನಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡಿದ್ದವನು, ಊರಿಗೇ ಬಂದು ನೆಲೆಸುವುದೆಂದು ಅಲ್ಲಿ ಓಡಿಸುತ್ತಿದ್ದ ಹಳೆಯ ಕಾರನ್ನೂ ಹಡಗಿಗೆ ಹಾಕಿಸಿ ತಂದ. ತಾವು ಅದರ ಸೀಟು ಎತ್ತಿ ನೋಡಿದಿರಿ, ಸ್ಟೆಪ್ನಿ ಮೂಸಿ ನೋಡಿದಿರಿ, ಡಿಕ್ಕಿಯಲ್ಲಿದ್ದ ಖರ್ಜೂರದ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಿರಿ. ಗಾಜಿಗೆ ಅಂಟಿಸಿದ ಅರಬ್ಬಿ ಚೀಟಿಯಲ್ಲಿ ಏನಿದೆಯೆಂದು ತಾವು ಕೇಳಿದಾಗ ಅವನಿಗೂ ಗೊತ್ತಿರಲಿಲ್ಲ, ತಮಗೂ ಗೊತ್ತಿರಲಿಲ್ಲವಾಗಿ ಇಬ್ಬರೂ ಅದಕ್ಕೆ ಕೈಮುಗಿದಿರಂತೆ. ಇಷ್ಟು ಸೂಕ್ಷ್ಮದೃಷ್ಟಿಯ ತಮಗೆ, ಸ್ಟೀರಿಂಗ್ ಎಡಗಡೆ ಇರುವುದು ಮಾತ್ರ ಹೇಗೆ ಕಾಣದೇ ಹೋಯಿತು ಎಂಬುದೇ ನನ್ನ ವಿನಮ್ರ ದೂರು.

ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುವುದರಿಂದ ಸ್ಟೀರಿಂಗ್ ಎಡಗಡೆಯಂತೆ. ನಮ್ಮಲ್ಲಿ ಎಡಗಡೆ ಓಡಬೇಕಾಗಿರುವುದರಿಂದ ಡ್ರೈವರು ಬೇಲಿಗೆ ಅಂಟಿಕೊಂಡು ಕೂತಿರುತ್ತಾನೆ. ಮುಂದಿರುವ ಗಾಡಿಯನ್ನು ದಾಟಬೇಕಾದರೆ ಎದುರಿಂದ ಏನು ಬರುತ್ತಿದೆಯೆಂದು ಅವನಿಗೆ ಕಾಣುವುದಿಲ್ಲ. ಬಲಗಡೆ ಕೂತವರು ನೋಡಿ, ಬಾಯಿಬಿಟ್ಟು ಹೇಳಬೇಕು. ಬಾಯಿಬಿಟ್ಟು ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು.

ಮೊದಲು ಆ ಪೀಠವನ್ನು ಅಲಂಕರಿಸಿದವರು ನಮ್ಮ ಅತ್ತೆ ವೀರಮ್ಮನವರು. ಅವರು ಬಲಗಡೆ ಸೀಟಿನಲ್ಲಿ ಕೂತು ಮಡಿಲಿಗೆ ಸೇವಂತಿಗೆ ಸುರಿದುಕೊಂಡು, ಎರಡೂ ಕೈಯಲ್ಲಿ ಮಾಲೆ ಕಟ್ಟುತ್ತ ಸಂತೆಯ ದಿನ ಶಿರಾಳಕೊಪ್ಪದ ನಡುಪೇಟೆಯಲ್ಲಿ ಹಾದುಹೋದಾಗ ಜನ ತಕ್ಕಡಿ ಕೆಳಗಿಟ್ಟು ಎದ್ದು ನಿಂತರು. ಚಹಾದಂಗಡಿ ಉಜ್ಜಪ್ಪ ಓಡಿ ಬಂದು, "ಯಮ್ಮಾ, ಕೈಬಿಟ್ಟು ಹೊಡಿತೀರಲ್ಲ, ಯಾವಾಗ ಕಲ್ತ್ರೀ ಇದ್ನ?" ಎಂದು ಕೇಳಿದರೆ, ನಮ್ಮ ಅತ್ತೆ ನಿಜ ಹೇಳುವುದು ಬಿಟ್ಟು, "ಅದ್ರಾಗೇನೈತೋ, ರೂಢಿ ಆಗ್ಬೇಕು ಅಷ್ಟೇ" ಎಂದರು. ಆದರೆ ರಸ್ತೆ ನೋಡಿ ಹೇಳುವ ಕೆಲಸದಲ್ಲಿ ಅವರಿಗೆ ಬೇರೆಯದೇ ಆಸಕ್ತಿ. "ಅವ್ವಾ, ಹೋಗ್ಲಾ?" ಎಂದು ಮಗ ಕೇಳಿದರೆ, "ತಡಿ, ಎದ್ರುಗಡೆ ಬಸ್ನಾಗೆ ನಮ್ ಹುಚ್ಚಮ್ಮ ಕುಂತಂಗೈತೆ, ಕೈ ಮಾಡ್ತೀನಿ" ಎನ್ನುತ್ತಿದ್ದರು. ಬಸ್ಸು ಎಷ್ಟು ದೂರದಲ್ಲಿತ್ತು ಎಂಬುದನ್ನು ಅವರು ಒಮ್ಮೆಯೂ ಹೇಳಿದವರಲ್ಲ.

ಈಗ ನನ್ನ ಪೀಠಾರೋಹಣದ ವಿಚಾರ. ಅದಕ್ಕೆ ಮುಂಚೆ ಒಂದು ಗೃಹಕೃತ್ಯವನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ನಾನೂ ರೇಣುಕಾಪ್ರಸಾದನೂ ಎಂಟು ವರ್ಷಗಳಿಂದ ಮಾತು ಬಿಟ್ಟವರು. ನಮ್ಮ ಮನೆಯ ಗೃಹಪ್ರವೇಶದ ದಿನ, ನಾನು ಮನಸ್ಸಿಟ್ಟು ಆರಿಸಿ ಬಳಿಸಿದ ತಿಳಿಹಸಿರು ಬಣ್ಣವನ್ನು ನೋಡಿ ಅವನು ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, "ಭಾವಾ, ಈ ಆಸ್ಪತ್ರ್ಯಾಗೆ ಇಂಜಕ್ಷನ್ ಎಲ್ಲಿ ಕೊಡ್ತಾರೆ?" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವರೂ ನಕ್ಕರು. ಅವತ್ತಿನಿಂದ ನಾನು ಅವನನ್ನು ಮಾತಾಡಿಸಲಿಲ್ಲ, ಅವನು ಮಸ್ಕತ್ತಿಗೆ ಹೋಗುವಾಗಲೂ ಮಾತಾಡಿಸಲಿಲ್ಲ. ಮಾನ್ಯರೇ, ಒಂದು ಮೌನವನ್ನು ಅಷ್ಟು ವರ್ಷ ಮುಕ್ಕಾಗದಂತೆ ಕಾಪಾಡುವುದು ಸುಲಭವಲ್ಲ. ಪಾತ್ರೆ ವ್ಯಾಪಾರದಲ್ಲಿರುವ ನಾನು ಬಲ್ಲೆ.

ಹೋದ ತಿಂಗಳು ಸೊರಬದಲ್ಲಿ ನನ್ನ ಮಗಳು ಸೌಂದರ್ಯಳ ಗಂಡನ ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಅವತ್ತೇ ಬಸ್ಸಿನವರೆಲ್ಲ ಮುಷ್ಕರ ಹೂಡಿದರು. ನಾನು ಸೈಕಲ್ಲಿಗೆ ಗಾಳಿ ಹೊಡೆಯುತ್ತಿರುವಾಗ ನನ್ನ ಹೆಂಡತಿ ಪಂಪು ಕಿತ್ತುಕೊಂಡು, "ಮಾತು ಬಿಟ್ಟಿರಾದು ಅವ್ನ ಕೂಡೆ, ಅವ್ನ ಕಾರಿನ ಕೂಡೆ ಅಲ್ಲ, ಹತ್ರೀ" ಎಂದಳು. ಕಾನೂನಿನ ಈ ಅಂಶ ಸರಿಯೆಂದು ತೋರಿದ್ದರಿಂದ ಹತ್ತಿದೆ. ಅತ್ತೆಯವರು ಹಿಂದಿನ ದಿನವೇ ಹೋಗಿದ್ದುದರಿಂದ ಖಾಲಿ ಇದ್ದುದು ಆ ಬಲಗಡೆ ಸೀಟು. ಹಿಂದೆ ಮಂಡಕ್ಕಿ ಚೀಲ ಹಿಡಿದು ಗಂಗಾಶ್ರೀ ಕೂತಳು.

ಊರು ದಾಟುತ್ತಿದ್ದಂತೆ ಭತ್ತದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ರಸ್ತೆ ತುಂಬ ತುಳುಕುತ್ತ ನಮ್ಮ ಮುಂದೆ ಅಡ್ಡವಾಗಿ ನಿಂತಿತು. ನಿಂತಿತು ಎಂದೆನಲ್ಲ, ಅದು ಓಡುತ್ತಲೇ ಇತ್ತು. ಆಗ ನಮ್ಮ ಸಂಚಾರ ವ್ಯವಸ್ಥೆ ಹೀಗೆ ನಡೆಯಿತು. ರೇಣುಕಾಪ್ರಸಾದ್, "ಅಕ್ಕಾ, ಮುಂದೆ ಖಾಲಿ ಐತಾ ಕೇಳು" ಎನ್ನುವನು. ಅವಳು, "ರೀ, ಖಾಲಿ ಐತಾ ಅಂತೆ" ಎನ್ನುವಳು. ನಾನು ಕತ್ತು ಹೊರಗೆ ಹಾಕಿ ನೋಡಿ, "ಖಾಲಿ ಐತೆ ಅಂತ ಹೇಳು" ಎನ್ನುವೆನು. ಅವಳು ಬಾಯಲ್ಲಿದ್ದ ಮಂಡಕ್ಕಿ ನುಂಗಿ, "ಖಾಲಿ ಐತಂತೆ ಕಣೋ" ಎನ್ನುವಷ್ಟರಲ್ಲಿ ಖಾಲಿ ಇದ್ದ ಜಾಗದಲ್ಲಿ ಲಾರಿ ಬಂದು ಹೋಗಿರುತ್ತಿತ್ತು. ನಡೆದು ಹೋಗುತ್ತಿದ್ದವರು ನಮ್ಮನ್ನು ದಾಟಿ ಮುಂದೆ ಹೋದರು. ಕೊನೆಗೆ ಗಂಗಾಶ್ರೀ, "ಇನ್ನ ನಾನ್ ಹೇಳಾದಿಲ್ಲ, ನೀವು ನೀವೇ ಏನಾರ ಮಾಡ್ಕಳ್ರಿ" ಎಂದು ಬಾಯಿ ತುಂಬ ಮಂಡಕ್ಕಿ ಹಾಕಿಕೊಂಡುಬಿಟ್ಟಳು.

ನಾನು ಕತ್ತು ಹೊರಗೆ ಹಾಕಿಕೊಂಡೇ ಇದ್ದೆ. ನಾನು ಸುಮ್ಮನಿದ್ದೇನೆಂದರೆ ರಸ್ತೆ ಖಾಲಿ ಇರಬೇಕೆಂದು ಅವನು ತಿಳಿದನೋ ಏನೋ, ಕಾರನ್ನು ಬಲಕ್ಕೆ ಎಳೆದೇಬಿಟ್ಟ. ಎದುರಿಗೆ ಮರದ ದಿಮ್ಮಿ ಹೊತ್ತ ಲಾರಿ. ಅದರ ಹಣೆಯ ಮೇಲಿನ ನಿಂಬೆಹಣ್ಣು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಲೇ ಪ್ರಸಾದಾ! ಎಡಕ್ಕೆ ತಗಳೋ! ಸಾಯಿಸ್ತೀಯೇನೋ!"

ಈ ಮಾತು ಯಾರದ್ದೆಂದು ನಾನೇ ತಿರುಗಿ ನೋಡಿದೆ. ಕಾರು ಟ್ರ್ಯಾಕ್ಟರಿನ ಹಿಂಭಾಗಕ್ಕೆ ಉಜ್ಜಿ, ಅರ್ಧ ಹೊರೆ ಹುಲ್ಲನ್ನು ಮೈಮೇಲೆ ಎಳೆದುಕೊಂಡು, ರಸ್ತೆಯಂಚಿನ ಚರಂಡಿಗೆ ಒಂದು ಗಾಲಿ ಇಳಿಸಿ ನಿಂತಿತು. ಲಾರಿ ಹೋಯಿತು. ಒಳಗೆ ಹುಲ್ಲಿನ ಕತ್ತಲೆ. ಆ ಕತ್ತಲೆಯಲ್ಲಿ ಅವನು ಮೆಲ್ಲಗೆ, "ಭಾವಾ, ಬೈದ್ರಲ್ಲ" ಎಂದ. ಬೈಸಿಕೊಂಡವನ ದನಿಯಾಗಿರಲಿಲ್ಲ ಅದು. ತಿರುಗಿ ನೋಡಿದರೆ ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಯಾವಾಗ ಆಯಿತೋ, ಪರದೇಶದಲ್ಲಿ, ನಾನು ನೋಡಲೇ ಇಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರಿನ ಜಟ್ಟಪ್ಪ ಕೋಲು ಹಿಡಿದು ಬಂದು, ಹುಲ್ಲು ಸರಿಸಿ, ಬಲಗಡೆ ಕೂತ ನನ್ನನ್ನೇ ಹಿಡಿದುಕೊಂಡ. "ಏನ್ ಯಜಮಾನ್ರೇ, ಹೊಡಿಯಾಕೆ ಬರ್ದಿದ್ಮೇಲೆ ಯಾಕ್ರೀ ಹೊಡಿತೀರಿ?" ಎಂದು ಒಳಗೆ ಬಗ್ಗಿ ನೋಡಿದವನು ನನ್ನ ಮುಂದೆ ಏನೂ ಇಲ್ಲದ್ದನ್ನು ಕಂಡು ಬೆಚ್ಚಿಬಿದ್ದ. "ಅಯ್ಯೋ ಶಿವನೇ, ಸ್ಟೀರಿಂಗೇ ಕಿತ್ತೋಗೈತಲ್ರೀ!" ಎಂದವನೇ ಕೋಲು ಎಸೆದು ಚರಂಡಿಗೆ ಇಳಿದು, ಹುಲ್ಲಿನಲ್ಲಿ ಕೈಯಾಡಿಸುತ್ತ ಸ್ಟೀರಿಂಗ್ ಹುಡುಕತೊಡಗಿದ. ಮೊದಲು ನಕ್ಕವನು ಪ್ರಸಾದನೋ ನಾನೋ ತಿಳಿಯದು. ನಗುವಿಗೆ ನನಗೆ ಉಸಿರು ಸಿಗಲಿಲ್ಲ. ಗಂಗಾಶ್ರೀಯ ಬಾಯಿಂದ ಮಂಡಕ್ಕಿಯೆಲ್ಲ ನಮ್ಮ ಕುತ್ತಿಗೆಯ ಮೇಲೆ ಬಿತ್ತು. ಚರಂಡಿಯಲ್ಲಿದ್ದ ಜಟ್ಟಪ್ಪ, "ನಗ್ತೀರಲ್ರೀ, ಬಂದು ಹುಡುಕ್ರೀ" ಎಂದು ಸಿಟ್ಟಾದ. ಅವನಿಗೆ ಎಡಗಡೆ ತೋರಿಸಿದೆವು. ನೋಡಿದ. ಕಾರನ್ನು ಸುತ್ತಿ ಬಂದು ಮತ್ತೆ ನೋಡಿದ. ಆಮೇಲೆ ಅವನೂ ಚರಂಡಿಯ ದಂಡೆಯ ಮೇಲೆ ಕುಕ್ಕರಿಸಿ ನಕ್ಕ. ನಕ್ಕು ಮುಗಿದ ಮೇಲೆ ನಾವೆಲ್ಲ ಸೇರಿ ಅವನ ಹುಲ್ಲು ಹೇರಿಕೊಟ್ಟೆವು, ಅವನು ನಮ್ಮ ಗಾಲಿ ಎತ್ತಿಕೊಟ್ಟ.

ಸೊರಬ ತಲುಪಿದಾಗ ಮಗುವಿಗೆ ಹೆಸರಿಟ್ಟಾಗಿತ್ತು. ತಲೆಯ ತುಂಬ ಹುಲ್ಲು ಸಿಕ್ಕಿಸಿಕೊಂಡು, ಶಿರಾಳಕೊಪ್ಪ ದೊಡ್ಡದೋ ಮಸ್ಕತ್ ದೊಡ್ಡದೋ ಎಂದು ವಾದ ಮಾಡುತ್ತ ಕಾರಿನಿಂದ ಇಳಿದ ನಮ್ಮಿಬ್ಬರನ್ನು ಬಾಗಿಲಲ್ಲಿ ಕಂಡ ಸೌಂದರ್ಯ, ಮಗುವನ್ನು ಅಜ್ಜಿ ವೀರಮ್ಮನವರ ಕೈಗೆ ಕೊಟ್ಟು ಒಳಗೆ ಹೋಗಿ ಅತ್ತಳು. ಮಗಳನ್ನು ಹೀಗೆ ಅಳಿಸಿದ ಹೊಣೆಯೂ ತಮ್ಮದೇ, ಮಾನ್ಯರೇ.

ಅಂದಿನಿಂದ ನನ್ನ ಸ್ಥಿತಿ ಶೋಚನೀಯ. ಪ್ರಸಾದ ದಿನವೂ ಅಂಗಡಿಗೆ ಬಂದು ಮಸ್ಕತ್ತಿನ ಸೆಖೆಯನ್ನು ವರ್ಣಿಸುತ್ತಾನೆ. ಗಿರಾಕಿಗಳು ಪಾತ್ರೆ ಕೊಳ್ಳದೆ ಕೇಳುತ್ತ ಕೂರುತ್ತಾರೆ. ಆದ್ದರಿಂದ ತಾವು ಮುಂದೆ ಬರುವ ಇಂಥ ಕಾರುಗಳನ್ನು ಹಡಗಿನಲ್ಲಿಯೇ ಕನ್ನಡಿಯ ಮುಂದೆ ನಿಲ್ಲಿಸಿ ಎಡಬಲ ಬದಲಾಯಿಸಿ ಕಳಿಸಬೇಕೆಂದೂ, ಅದಾಗದಿದ್ದರೆ ಶಿರಾಳಕೊಪ್ಪ-ಸೊರಬ ರಸ್ತೆಯನ್ನಷ್ಟೇ ಮಸ್ಕತ್ತಿಗೆ ಸೇರಿಸಬೇಕೆಂದೂ, ಅದೂ ಆಗದಿದ್ದರೆ ಕಳೆದುಹೋದ ನನ್ನ ಎಂಟು ವರ್ಷದ ಮೌನವನ್ನು ಸುಂಕವಿಲ್ಲದೆ ಹಿಂತಿರುಗಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಕೊನೆಯದಕ್ಕೆ ಅವಸರವೇನಿಲ್ಲ. ತಮ್ಮ ಇಲಾಖೆ ಎಂದಿನ ವೇಗದಲ್ಲಿಯೇ ವಿಚಾರಿಸಲಿ.

ಇಂತು ಕತ್ತು ಹೊರಗೆ ಹಾಕಿ ತಮ್ಮ ಉತ್ತರದ ದಾರಿ ಕಾಯುವ,
ತಮ್ಮ ವಿಶ್ವಾಸಿ,
ಶಾಂತವೀರಪ್ಪ

ತಾ.ಕ.: ಮಾತು ಶುರುವಾದ ಮೇಲೆ ಪ್ರಸಾದನಿಂದ ಇನ್ನೊಂದು ಸಂಗತಿ ತಿಳಿಯಿತು. ತಾವೂ ತಮ್ಮ ಪಕ್ಕದ ಮೇಜಿನ ಅಧಿಕಾರಿಗಳೂ ಬಹುಕಾಲದಿಂದ ಮಾತು ಬಿಟ್ಟಿರುವುದರಿಂದ, ಮಧ್ಯೆ ಜವಾನ ನಿಂತು, "ಸಾಹೇಬರು ಸಹಿ ಮಾಡ್ತೀರಾ ಅಂತ ಕೇಳ್ತಾ ಇದಾರೆ" ಎಂದು ಮೊಳದ ದೂರಕ್ಕೆ ಸುದ್ದಿ ಸಾಗಿಸುತ್ತಾನಂತೆ. ಅಪ್ಪಣೆಯಾದರೆ ನಮ್ಮ ಕಾರನ್ನು ಒಂದು ದಿನದ ಮಟ್ಟಿಗೆ ಕಳಿಸಿಕೊಡುತ್ತೇವೆ. ಹುಲ್ಲಿನ ಟ್ರ್ಯಾಕ್ಟರು ತರಲು ಜಟ್ಟಪ್ಪನೂ ಒಪ್ಪಿದ್ದಾನೆ.