ಪೇಟದೊಳಗಿನ ಇಯರ್‌ಬಡ್ಡು

"ಈ ಸಲ ನೋಡ್ತಿರಿ! ಗೃಹಪ್ರವೇಶದ ದಿನ ಹೊಸಿಲ ಮುಂದೆ ನಿಂತ್ಕಂಡು ಹೆಂಡ್ತಿ ಹೆಸರು ಹೆಂಗೆ ಹೇಳ್ತೀನಿ ಅಂದ್ರೆ, ಮಧುಗಿರಿ ಬೆಟ್ಟ ಎದ್ದು ಕುಂತ್ಕಂಡು ಕೇಳ್ಬೇಕು!" ಎಂದು ಚಿರಂಜೀವಿ ಮನೆಮಂದಿಯೆದುರು ಘೋಷಿಸಿದ.

ಘೋಷಣೆಗೆ ಕಾರಣವಿತ್ತು. ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಪ್ರಾಸ ಕಟ್ಟಿ ಹೇಳದೆ ಹೊಸಿಲು ದಾಟುವಂತಿಲ್ಲ, ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತುಬಿಡುತ್ತಾರೆ. ಹನ್ನೊಂದು ವರ್ಷದ ಹಿಂದೆ ಮದುವೆಯಲ್ಲಿ ಈ ಶಾಸ್ತ್ರಕ್ಕೆ ನಿಂತ ಚಿರಂಜೀವಿ "ಬೆಳ್ಳಿ ಬಟ್ಟಲಲ್ಲಿ..." ಎಂದು ಶುರು ಮಾಡಿ, ಆ ಬಟ್ಟಲಲ್ಲೇ ಮುಳುಗಿ ಹೋಗಿದ್ದ. ಅಂದಿನಿಂದ ನಾದಿನಿ ತೇಜಸ್ವಿನಿ ಸಿಕ್ಕಾಗಲೆಲ್ಲ, "ಭಾವ, ಬಟ್ಲಾಗೆ ಏನಿತ್ತು?" ಎನ್ನುತ್ತಿದ್ದಳು. ಯಶಸ್ವಿನಿ ಗಂಡನ ಪರ ಒಂದು ಮಾತೂ ಆಡದೆ ಸುಮ್ಮನೆ ನಗುತ್ತಿದ್ದಳು. ಅವನಿಗೆ ನಾದಿನಿಯ ಮಾತಿಗಿಂತ ಹೆಂಡತಿಯ ಆ ನಗುವೇ ಹೆಚ್ಚು ಉರಿಸುತ್ತಿತ್ತು.

ಚಿರಂಜೀವಿಗೆ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ. ಊರಿನ ಅರ್ಧ ಫೋನುಗಳ ಕಾಯಿಲೆ ಅವನೇ ವಾಸಿ ಮಾಡುತ್ತಾನೆ. ಅಂಥವನು ಬಾಯಿಪಾಠ ಮಾಡುವುದುಂಟೆ? ಹೊಸ ಇಯರ್‌ಬಡ್ಸ್ ತಂದ. ಹೆಸರು ಹೇಳುವ ಒಗಟನ್ನು ತನ್ನದೇ ದನಿಯಲ್ಲಿ ಫೋನಿಗೆ ರೆಕಾರ್ಡ್ ಮಾಡಿದ. ಎದೆಬಡಿತ ತಹಬಂದಿಗೆ ಬರಲೆಂದು ಮೊದಲಿಗೆ ಸ್ವಲ್ಪ ಖಾಲಿ ಬಿಟ್ಟ. ಬಲಗಿವಿಗೆ ಒಂದು ಬಡ್ಡು, ಅದರ ಮೇಲೆ ಎಳೆದು ಕಟ್ಟಿದ ಪೇಟ, ಜುಬ್ಬದ ಜೇಬಿನಲ್ಲಿ ಫೋನು. ಕಿವಿಗೆ ಬಿದ್ದದ್ದನ್ನು ಹಾಗೇ ಬಾಯಿಗೆ ತರುವುದೊಂದೇ ಕೆಲಸ. ವಾರವಿಡೀ ಗಿಳಿಯ ಹಾಗೆ ಅಭ್ಯಾಸ ಮಾಡಿದ.

ಗೃಹಪ್ರವೇಶದ ಹಿಂದಿನ ದಿನ ಯಶಸ್ವಿನಿ, "ರೀ, ಆ ಕಿವಿ ಗುಂಡಿ ಕೊಡಿ. ಒಬ್ಬಟ್ಟು ತಟ್ಕಂತಾ ಅಮ್ಮನ ಜೊತೆ ಮಾತಾಡ್ತೀನಿ, ಕೈಯೆಲ್ಲ ಎಣ್ಣೆ" ಎಂದಾಗ, ಧಾರಾಳವಾಗಿ ಅವಳ ಫೋನಿಗೆ ಜೋಡಿಸಿ ಕೊಟ್ಟ. ಇಯರ್‌ಬಡ್ಡಿಗೂ ಒಂದು ನಿಷ್ಠೆ ಇರುತ್ತದೆ, ಕೊನೆಗೆ ಯಾರ ಫೋನಿನ ಜೊತೆಗಿತ್ತೋ ಅದನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದು ಈ ಮಹಾ ಮೆಕ್ಯಾನಿಕ್ಕಿಗೆ ಆ ಹೊತ್ತಿಗೆ ಹೊಳೆಯಲೇ ಇಲ್ಲ!

ಬೆಳಗ್ಗೆ ಶಾಮಿಯಾನದ ದೊಡ್ಡ ಸ್ಪೀಕರಿಗೆ ತನ್ನ ಫೋನು ಜೋಡಿಸಿ ಭಕ್ತಿಗೀತೆ ಹಾಕಿದ್ದ. ಮುಹೂರ್ತ ಬಂತೆಂದು ಹಾಡು ನಿಲ್ಲಿಸಿದ, ಜೋಡಣೆ ಬಿಡಿಸಲಿಲ್ಲ. ಬಡ್ಡು ಕಿವಿಗೆ ಹೋಗಿ 'ಟುಂಯ್' ಅಂದಿತು. ಸರಿ, ಕನೆಕ್ಟ್ ಆಯಿತು ಅಂದುಕೊಂಡ. ಆಗಿತ್ತು ನಿಜ, ಹೆಂಡತಿಯ ಫೋನಿಗೆ! ಆ ಫೋನು ವಿಡಿಯೋ ತೆಗೆಯಲೆಂದು ತೇಜಸ್ವಿನಿಯ ಕೈಯಲ್ಲಿತ್ತು.

"ಹೇಳಿ ಭಾವ, ಹೆಸರು ಹೇಳ್ದೆ ಬುಡಲ್ಲ!" ತೇಜಸ್ವಿನಿ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಬೇಗ ಆಗ್ಲಿ, ರಾಹುಕಾಲ ಹತ್ರ ಬಂತು" ಎಂದರು ಪೂಜೆಗೆ ಬಂದಿದ್ದ ಅಯ್ಯನವರು.

ಚಿರಂಜೀವಿ ಗತ್ತಿನಿಂದ ನಕ್ಕು ಜೇಬಿನೊಳಗೆ ಬಟನ್ ಒತ್ತಿದ. ಕಿವಿಯಲ್ಲಿ ದನಿ ಬಂತು. ಅದು ತನ್ನ ದನಿಯಲ್ಲ ಎಂದು ಬುದ್ಧಿಗೆ ತಿಳಿಯುವಷ್ಟರಲ್ಲಿ ವಾರದ ಅಭ್ಯಾಸ ನಾಲಿಗೆಯನ್ನು ಎಳೆದುಕೊಂಡು ಹೋಗಿತ್ತು. ಎದೆಯುಬ್ಬಿಸಿ, ರಾಗವಾಗಿ ಹೇಳಿದ:

"ರೀ, ಎರಡು ಕೆಜಿ ಹುಣಸೆಹಣ್ಣು! ಅರ್ಧ ಕೆಜಿ ಧನಿಯಾ! ಒಂದು ಡಬ್ಬಿ ಇಂಗು! ಮರ್ತು ಬಂದ್ರೆ ನಾನಂತೂ ಸುಮ್ಕಿರಲ್ಲ!"

ನೆಂಟರು ದಂಗಾದರು. ಅವನ ತಾಯಿ ಬಸವಮ್ಮ, "ಅಯ್ಯೋ ಶಿವನೇ, ಮಗುಂಗೆ ಏನಾತು?" ಎಂದು ಹಣೆಗೆ ವಿಭೂತಿ ಹಚ್ಚಲು ಓಡಿ ಬಂದರು.

ಅಷ್ಟರಲ್ಲಿ ರೆಕಾರ್ಡಿಂಗಿನ ಖಾಲಿ ಜಾಗ ಮುಗಿಯಿತು. ಶಾಮಿಯಾನದ ಸ್ಪೀಕರು ಬೀದಿ ಅದುರುವಂತೆ ಗುಡುಗಿತು:

"ಲೇ ಚಿರಂಜೀವಿ, ಹೆದರ್ಬೇಡ! ಉಸಿರು ಎಳ್ಕೋ. ನಾದಿನಿ ಮುಖ ನೋಡ್ಬೇಡ, ನೋಡಿದ್ರೆ ಕೆಟ್ಟೆ! ಈಗ ಯಶಸ್ವಿನಿ ಕಡೆ ತಿರುಗಿ ಮುಗುಳ್ನಗು. ಹಲ್ಲು ಕಾಣ್ಬಾರ್ದು! ಹೂಂ, ಹೇಳು...

ಮಧುಗಿರಿ ಬೆಟ್ಟದ ಮ್ಯಾಲೆ ಮೋಡದ ತೇರು,
ನಮ್ಮನೆ ಹೊಸಿಲ ಮ್ಯಾಲೆ ಅಕ್ಕಿಯ ಸೇರು,
ಒಲೆ ಮ್ಯಾಲೆ ಹಾಲುಕ್ಕಿಸೋ ಮಾಲಕ್ಷ್ಮಿ ಯಾರು?
ಯಶಸ್ವಿನಿ ಅಂತ ಆಕೆ ಹೆಸರು!

ಭೇಷ್ ಕಣ್ಲಾ! ಈಗ ಚಪ್ಪಾಳೆ ಬೀಳುತ್ತೆ, ನಾಚ್ಕೊಂಡಂಗೆ ಮಾಡು."

ಚಪ್ಪಾಳೆ ನಿಜಕ್ಕೂ ಬಿತ್ತು, ಎದುರು ಮನೆ ಟೆರೇಸಿನಿಂದಲೂ ಬಿತ್ತು! ಚಿರಂಜೀವಿ ನಾಚಿಕೊಂಡ ಹಾಗೆ ಮಾಡಬೇಕಾಗಲಿಲ್ಲ. ಪೇಟ ಮೂಗಿನವರೆಗೆ ಇಳಿದರೆ ಸಾಕಪ್ಪಾ ಅನ್ನಿಸಿತು.

"ಸ್ಪೀಕರ್ ಹೇಳಿದ್ದು ಲೆಕ್ಕಕ್ಕಿಲ್ಲ! ಬೇಕಾದ್ರೆ ಸ್ಪೀಕರನ್ನ ಒಳಿಕ್ಕೆ ಬುಡ್ತೀನಿ, ನೀವು ಈಚೆಗೇ ಇರಿ!" ಎಂದಳು ತೇಜಸ್ವಿನಿ.

"ಕಾಲ ಮೀರ್ತಾ ಐತೆ!" ಅಯ್ಯನವರ ಕೂಗು.

"ಯಶಸ್ವಿನೀ, ನೀನೇ ಕಾಪಾಡೇ ತಾಯಿ!" ಚಿರಂಜೀವಿ ಕೈ ಮುಗಿದೇ ಬಿಟ್ಟ.

"ಹಾಂ! ಹೆಸ್ರು ಬಂತು, ಬುಡ್ರವ್ವಾ!" ಎಂದು ಬಸವಮ್ಮ ತೀರ್ಪು ಕೊಟ್ಟರು.

ಈಗ ಯಶಸ್ವಿನಿಯ ಸರದಿ. ಅವಳು ಒಂದು ಚೀಟಿ ನೋಡಲಿಲ್ಲ, ಒಂದು ಗುಂಡಿ ಒತ್ತಲಿಲ್ಲ:

"ಕಿವಿಯಾಗೆ ಗುಂಡಿ, ತಲೆ ಮ್ಯಾಲೆ ಪೇಟ,
ಹೆಂಡ್ತಿ ಹೆಸ್ರು ಹೇಳಾಕೆ ಎಂಥಾ ಪರದಾಟ!
ಬೀದಿಗೆಲ್ಲ ಸ್ಪೀಕರ್ನಾಗೆ ಒಪ್ಪಿಸಿದ್ರು ಪಾಠ,
ಚಿರಂಜೀವಿಯವರದೇ ಈ ಬೊಂಬೆಯಾಟ!"

ಎಲ್ಲರೂ ನಗುತ್ತ ಒಳಗೆ ನುಗ್ಗಿದರು. ಹಾಲು ಉಕ್ಕಿತು. ಚಿರಂಜೀವಿ ಮೂಲೆಯಲ್ಲಿ ನಾದಿನಿಯನ್ನು ಹಿಡಿದು, "ಏನೇ ಹಾಕಿದ್ದೆ ನನ್ನ ಕಿವಿಗೆ?" ಎಂದು ಹಲ್ಲು ಕಡಿದ.

"ನಿಮ್ಮ ಬಡ್ಸು ಅಕ್ಕನ ಫೋನಿಗೆ ಬಂದು ಕೂತಿತ್ತು ಭಾವ. ಮೊನ್ನೆ ಅಕ್ಕ ನಿಮಗೆ ಕಳ್ಸಿದ್ದ ವಾಯ್ಸ್ ಮೆಸೇಜು ನೀವು ಕೇಳೇ ಇರ್ಲಿಲ್ಲ. ನೀವು ಜೇಬಿಗೆ ಕೈ ಹಾಕಿದ್ದೇ ತಡ, ನಾನು ಕೇಳಿಸ್ದೆ!"

ಅದೇ ಹೊತ್ತಿಗೆ ಹಿತ್ತಲಿನಿಂದ ಅಡಿಗೆಯ ಸಂಜೀವಯ್ಯ ಕೂಗಿದರು. "ಅಮ್ಮಾ, ಸಾರು ಕುದೀತಾ ಐತೆ, ಹುಣಸೆಹಣ್ಣೆಲ್ಲಿ?"

ಎಲ್ಲರ ಕಣ್ಣು ಪೇಟದ ಮೇಲೆ ಬಿತ್ತು. ಚಿರಂಜೀವಿ ತೆಪ್ಪಗೆ ಕೈಚೀಲ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಡ್ಡು ಕೀಳಹೋದ.

"ಇರ್ಲಿ ಬುಡಿ. ಹನ್ನೊಂದು ವರ್ಷದಾಗೆ ನಾ ಹೇಳಿದ ಸಾಮಾನು ಒಂದೂ ಬಿಡ್ದಂಗೆ ನಿಮ್ಮ ಬಾಯಿಗೆ ಬಂದಿದ್ದು ಇವತ್ತೇ. ಹಾಕ್ಕಂಡೇ ಹೋಗಿ, ಇಲ್ಲಿಂದ ಹೇಳ್ತಿರ್ತೀನಿ" ಎಂದಳು ಯಶಸ್ವಿನಿ.

"ಬೀದಿ ದಾಟಿದ್ರೆ ಇದರಾಗೆ ನಿನ್ನ ಫೋನು ಕೇಳ್ಸಲ್ಲ ಕಣೇ" ಎಂದ ಮೆಕ್ಯಾನಿಕ್, ಉಳಿದಿದ್ದ ಅಲ್ಪಸ್ವಲ್ಪ ಜಂಬದಿಂದ.

"ಪಕ್ಕದಾಗೆ ಕುಂತು ಹೇಳಿದ್ರೂ ನಿಮಗೆ ಕೇಳಿರ್ಲಿಲ್ಲ. ಹೊರಡಿ!"